ಕಾಯಕದ ಮಹಾಮನೆಯಲ್ಲಿ ಸರ್ವರ ಪಾಲು

ಕಾಯಕವೆಂದರೆ ಸತ್ಯಶುದ್ಧವಾದ ಶ್ರಮದಿಂದ ಗಳಿಸುವುದು. ದಾಸೋಹವೆಂದರೆ ಹಾಗೆ ಗಳಿಸಿದುದನ್ನು ತನ್ನದೆಂಬ ಅಹಂಕಾರವಿಲ್ಲದೆ ಸಮಾಜಕ್ಕೆ ಅರ್ಪಿಸುವುದು. ಇವೆರಡನ್ನೂ ಮಠದ ಪ್ರವಚನಗಳಲ್ಲಿಯೂ ಮನೆಯ ಹಿರಿಯರ ಬಾಯಲ್ಲಿಯೂ ಸದ್ಭಕ್ತರು ನಿತ್ಯವೂ ಕೇಳುತ್ತ ಬಂದಿರುವರು. ಆದರೆ ಇವೆರಡಕ್ಕಿಂತಲೂ ಮೊದಲೇ ಇರಬೇಕಾದ ಒಂದು ಸಂಗತಿಯ ಕಡೆಗೆ ಲಕ್ಷ್ಯವು ಹೋಗುವುದು ವಿರಳ. ಅದಾವುದೆಂದರೆ, ಕಾಯಕ ಮಾಡಬಯಸುವವನಿಗೆ ಕಾಯಕಕ್ಕೊಂದು ಎಡೆ ಬೇಕು. ದುಡಿಯುವ ಕೈಯಿದ್ದು, ದುಡಿಯುವ ಮನಸ್ಸಿದ್ದು, ದುಡಿಮೆಯ ಮನೆಯ ಬಾಗಿಲು ಮಾತ್ರ ಮುಚ್ಚಿದ್ದರೆ ಅವನು ಮಾಡುವುದೇನು? ಅಂಥವನಿಗೆ ಕಾಯಕತತ್ತ್ವವನ್ನು ಬೋಧಿಸುವುದು ಹಸಿದವನಿಗೆ ಉಪವಾಸದ ಮಹಿಮೆಯನ್ನು ಹೇಳಿದಂತೆಯೇ ಸರಿ.

ಈ ವಿಚಾರವು ಈಗ ಸಕಾಲಿಕವಾಗಿರುವುದು. ಸರಕಾರದ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಕಾರಖಾನೆಗಳಲ್ಲಿ, ಬೆಂಗಳೂರು ಹೈದರಾಬಾದುಗಳ ದೊಡ್ಡ ದೊಡ್ಡ ಕಂಪನಿಗಳಲ್ಲಿ, ಎಲ್ಲ ಕುಲದವರಿಗೂ ಎಲ್ಲ ಪ್ರಾಂತದವರಿಗೂ ಸ್ತ್ರೀಯರಿಗೂ ಅಂಗವಿಕಲರಿಗೂ ದುಡಿಯುವ ಅವಕಾಶವು ದೊರೆಯಬೇಕೆಂಬ ಪ್ರಯತ್ನಗಳು ಹಲವು ವರ್ಷಗಳಿಂದ ನಡೆದುಬಂದಿವೆ. ವೈವಿಧ್ಯ, ಸಮಪಾಲು, ಒಳಗೊಳ್ಳುವಿಕೆ ಎಂಬ ಮೂರು ಮಾತುಗಳಿಂದ ಅವನ್ನು ಕರೆಯುವರು. ವೈವಿಧ್ಯವೆಂದರೆ ನಾನಾ ಬಗೆಯ ಜನರು ಒಂದೆಡೆ ದುಡಿಯುವುದು. ಸಮಪಾಲೆಂದರೆ ಅವರವರ ಕೊರತೆಯನ್ನರಿತು ಅವರವರಿಗೆ ತಕ್ಕ ನೆರವನ್ನು ಕೊಡುವುದು. ಒಳಗೊಳ್ಳುವಿಕೆಯೆಂದರೆ ಬಂದವರನ್ನು ಮೂಲೆಯಲ್ಲಿ ಕೂರಿಸದೆ ಮಾತಿಗೂ ಮರ್ಯಾದೆಗೂ ಸೇರಿಸಿಕೊಳ್ಳುವುದು. 2025ರ ಜನವರಿಯಲ್ಲಿ ಅಮೆರಿಕಾ ದೇಶದ ಅಧ್ಯಕ್ಷರು ಅಲ್ಲಿಯ ಕೇಂದ್ರ ಸರಕಾರದೊಳಗೆ ಇಂಥ ಕಾರ್ಯಕ್ರಮಗಳನ್ನು ನಿಲ್ಲಿಸಬೇಕೆಂದು ಆಜ್ಞೆ ಹೊರಡಿಸಿದರು. ಕೆಲವು ದೊಡ್ಡ ಕಂಪನಿಗಳೂ ತಮ್ಮ ಪ್ರಯತ್ನಗಳನ್ನು ಮೊಟಕುಗೊಳಿಸಿದವು. ಅದರ ಪ್ರತಿಧ್ವನಿ ಇಲ್ಲಿಯವರೆಗೂ ಕೇಳಿಬರುತ್ತಿರುವುದು. ಮಕ್ಕಳನ್ನು ದೂರದ ನೌಕರಿಗೆ ಕಳುಹಿದ ಗೃಹಸ್ಥರಲ್ಲಿ ಕೆಲವರು, ಈ ಮೀಸಲು, ಈ ವಿಶೇಷ ನೆರವು, ಇವೆಲ್ಲ ಯೋಗ್ಯತೆಗೆ ಬಗೆದ ದ್ರೋಹವಲ್ಲವೇ ಎಂದು ಕೇಳುವರು. ಈ ಪ್ರಶ್ನೆಯನ್ನು ಕೋಪದಿಂದ ತಳ್ಳಿಹಾಕುವುದು ಉಚಿತವಲ್ಲ. ಶರಣಧರ್ಮದ ಒರೆಗಲ್ಲಿಗೆ ಹಚ್ಚಿ ನೋಡುವುದೇ ಯುಕ್ತ.

ಮೊದಲನೆಯದಾಗಿ, 12ನೆಯ ಶತಮಾನದ ಕಲ್ಯಾಣದಲ್ಲಿ ಅನುಭವ ಮಂಟಪವು ನಡೆದ ರೀತಿಯನ್ನು ಸ್ಮರಿಸಬೇಕು. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಅಧಿಕಾರವೂ ಐಶ್ವರ್ಯವೂ ಅವರ ಕೈಯಲ್ಲಿದ್ದವು. ಮಂಟಪದ ಪೀಠವನ್ನು ಅವರೇ ಏರಿದ್ದರೆ ಬೇಡವೆನ್ನುವವರಾರು? ಆದರೂ ಶೂನ್ಯಸಿಂಹಾಸನವನ್ನು ಮದ್ದಳೆಯ ಕಾಯಕದಿಂದ ಬಂದ ಅಲ್ಲಮಪ್ರಭುಗಳಿಗೆ ಬಿಟ್ಟುಕೊಟ್ಟು ತಾವು ಕೆಳಗೆ ಕುಳಿತರು. ಆ ಸಭೆಯಲ್ಲಿ ದೋಣಿ ನಡೆಸುವ ಚೌಡಯ್ಯನವರಿದ್ದರು, ಬಟ್ಟೆ ಮಡಿ ಮಾಡುವ ಮಾಚಿದೇವರಿದ್ದರು, ಹಡಪದ ಅಪ್ಪಣ್ಣನವರಿದ್ದರು, ಹಗ್ಗ ಹೊಸೆಯುವ ಚಂದಯ್ಯನವರಿದ್ದರು, ತೊಗಲು ಹದಮಾಡುವ ಕಕ್ಕಯ್ಯನವರಿದ್ದರು, ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದುಬಂದು ಕಟ್ಟಿಗೆ ಮಾರಿದರೆಂದು ಹೇಳಲಾಗುವ ಮೋಳಿಗೆಯ ಮಾರಯ್ಯನವರಿದ್ದರು. ಸತ್ಯಕ್ಕ, ಲಕ್ಕಮ್ಮ, ಕಾಳವ್ವೆ ಮೊದಲಾದ ಶರಣೆಯರಿದ್ದರು. ವಚನಗಳನ್ನು ರಚಿಸಿದ ಸ್ತ್ರೀಯರ ಸಂಖ್ಯೆಯೇ ಮೂವತ್ತನ್ನು ಮೀರುವುದು.

ಇಲ್ಲಿ ಗಮನಿಸತಕ್ಕ ಇನ್ನೊಂದು ಸೂಕ್ಷ್ಮವಿದೆ. ಅಂಬಿಗರ, ಮಡಿವಾಳ, ಡೋಹರ, ನುಲಿಯ, ಹಡಪದ ಎಂಬ ಕಾಯಕನಾಮಗಳನ್ನು ಆ ಮಹಾನುಭಾವರು ಅಳಿಸಿಹಾಕಲಿಲ್ಲ. ಸಮಾನರಾಗುವುದಕ್ಕಾಗಿ ತಮ್ಮ ಹುಟ್ಟನ್ನೂ ವೃತ್ತಿಯನ್ನೂ ಬಚ್ಚಿಡಬೇಕಾದ ಪ್ರಸಂಗವು ಅಲ್ಲಿ ಬರಲಿಲ್ಲ. ಇಂದು ನಗರದ ಕಚೇರಿಯೊಂದಕ್ಕೆ ಹೊಸದಾಗಿ ಸೇರಿದ ತರುಣನು ಸಹೋದ್ಯೋಗಿಗಳು ಮನೆತನದ ಹೆಸರು ಕೇಳಿದೊಡನೆ ಮಾತು ಮರೆಸುವನಲ್ಲವೇ? ಬಾಡಿಗೆ ಮನೆ ಹುಡುಕುವಾಗ ತನ್ನ ಕೇರಿಯ ಹೆಸರನ್ನು ನುಂಗಿಕೊಳ್ಳುವನಲ್ಲವೇ? ಆ ತರುಣನು ಕಚೇರಿಯೊಳಗೆ ಪ್ರವೇಶವನ್ನು ಪಡೆದಿರುವನೇ ಹೊರತು ಸಭೆಯೊಳಗೆ ಇನ್ನೂ ಬಂದಿಲ್ಲ. ಹೆಸರನ್ನು ಮುಚ್ಚಿಡದೆ ತಲೆಯೆತ್ತಿ ಕುಳಿತುಕೊಳ್ಳುವ ಸ್ಥಿತಿ ಬಂದಾಗಲೇ ಒಳಗೊಳ್ಳುವಿಕೆ ಪೂರ್ಣವಾಯಿತೆಂದು ತಿಳಿಯಬೇಕು.

ಎರಡನೆಯದಾಗಿ, ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಚರಿತ್ರೆಯನ್ನು ಸ್ಮರಿಸಬೇಕು. ಈ ಪುಣ್ಯದಂಪತಿಗಳು ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದ ಕಡೆಯವರೆಂದು ಪ್ರತೀತಿ. ಕುಷ್ಟಗಿಯ ಸೀಮೆಗೆ ನೆರೆಯವರೇ ಆದರು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನವರ ಕಾಯಕವಾಗಿತ್ತು. ಒಂದು ದಿನ ಅವರು ನಿತ್ಯದ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಅದನ್ನು ಕಂಡ ಲಕ್ಕಮ್ಮನು ಸಂತೋಷಪಡಲಿಲ್ಲ. ಈ ಮಿಕ್ಕ ಅಕ್ಕಿ ತಮ್ಮದಲ್ಲವೆಂದು ಪತಿಯನ್ನು ಎಚ್ಚರಿಸಿ, ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಕಳುಹಿದಳು.

ಮಾರಯ್ಯನವರು ಕದ್ದಿರಲಿಲ್ಲ, ಯಾರನ್ನೂ ಹೊಡೆದು ಕಸಿದಿರಲಿಲ್ಲ. ಅಂಗಳದಲ್ಲಿ ಬಿದ್ದುದನ್ನು ಆಯ್ದು ತಂದಿದ್ದರು. ಲೋಕದ ಕಣ್ಣಿನಲ್ಲಿ ಅದು ಅವರ ಶ್ರಮದ ಫಲವೇ. ಆದರೆ ಲಕ್ಕಮ್ಮನ ದೃಷ್ಟಿಯು ತನ್ನ ಮೊರದ ಆಚೆಗೂ ಹರಿಯಿತು. ತನ್ನ ಮೊರದಲ್ಲಿ ಮಿಕ್ಕುದು ಮತ್ತೊಬ್ಬರ ಮಡಕೆಯಲ್ಲಿ ಕಡಿಮೆಯಾದುದೆಂಬ ಅರಿವು ಅವಳಿಗಿತ್ತು. ತಲೆಮಾರುಗಳಿಂದ ಓದು, ಒಡೆತನ, ಅಧಿಕಾರದ ಪರಿಚಯ ಇವೆಲ್ಲ ಒಂದೇ ಕಡೆಯ ಮನೆಗಳಲ್ಲಿ ಕೂಡಿಬಂದಿದ್ದರೆ, ಆ ಮನೆಗಳವರು ವೈಯಕ್ತಿಕವಾಗಿ ಯಾರಿಗೂ ಕೇಡು ಮಾಡದೆ ಇರಬಹುದು. ಆದರೂ ಮೊರದಲ್ಲಿ ಮಿಕ್ಕ ಅಕ್ಕಿ ಯಾರದೆಂಬ ಪ್ರಶ್ನೆ ಉಳಿದೇ ಉಳಿಯುವುದು. ಸಮಪಾಲಿನ ಪ್ರಯತ್ನಗಳ ಮೂಲದಲ್ಲಿರುವುದು ಈ ಪ್ರಶ್ನೆಯೇ.

ಇನ್ನು ಪೂರ್ವಪಕ್ಷಗಳನ್ನು ಒಂದೊಂದಾಗಿ ಪರಿಶೀಲಿಸಬಹುದು.

ಇಂಥ ನೆರವಿನಿಂದ ಯೋಗ್ಯತೆಗೆ ಹಾನಿಯಾಗುವುದು, ಅಂಕ ಕಡಿಮೆಯಿದ್ದವನು ಬಂದರೆ ಕೆಲಸ ಕೆಡುವುದು ಎಂಬುದು ಮೊದಲನೆಯ ಆಕ್ಷೇಪ. ಅನುಭವ ಮಂಟಪದಲ್ಲಿ ಪರೀಕ್ಷೆಯಿರಲಿಲ್ಲವೆಂದು ಭಾವಿಸುವವರು ಶೂನ್ಯಸಂಪಾದನೆಯನ್ನು ನೋಡಲಿ. ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ಪ್ರಭುದೇವರು ಅವಳನ್ನು ಎಷ್ಟು ಕಠೋರವಾಗಿ ಪ್ರಶ್ನಿಸಿದರೆಂಬುದು ಅಲ್ಲಿ ವಿಸ್ತಾರವಾಗಿ ಬಂದಿರುವುದು. ಪರೀಕ್ಷೆಯನ್ನು ಅವರು ಕೈಬಿಡಲಿಲ್ಲ. ಹೆಣ್ಣೆಂಬ ಕಾರಣಕ್ಕೆ ಬಾಗಿಲನ್ನೂ ಮುಚ್ಚಲಿಲ್ಲ. ಬಾಗಿಲು ತೆರೆಯುವುದು ಬೇರೆ, ಪರೀಕ್ಷೆಯನ್ನು ಬಿಡುವುದು ಬೇರೆ. ಮೊದಲನೆಯದನ್ನು ಕೇಳಿದವರ ಮೇಲೆ ಎರಡನೆಯದರ ಆರೋಪವನ್ನು ಹೊರಿಸುವುದು ನ್ಯಾಯವಲ್ಲ. ಮೀಸಲಾತಿಯಿಂದ ಬಂದ ವೈದ್ಯನೂ ವೈದ್ಯಪದವಿಯ ಅಂತಿಮ ಪರೀಕ್ಷೆಯಲ್ಲಿ ಉಳಿದವರಂತೆಯೇ ತೇರ್ಗಡೆಯಾಗಬೇಕಷ್ಟೆ.

ಈ ವಿಷಯದಲ್ಲಿ ಕರ್ನಾಟಕದಿಂದಲೇ ಹೋದ ಮೊಕದ್ದಮೆಯೊಂದು ದೇಶಕ್ಕೆಲ್ಲ ದಾರಿ ತೋರಿಸಿರುವುದು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ನೌಕರರಿಗೆ ಬಡ್ತಿಯೊಡನೆ ದೊರೆತ ಜ್ಯೇಷ್ಠತೆಯನ್ನು ಕುರಿತ ರಾಜ್ಯದ 2002ರ ಕಾಯ್ದೆಯನ್ನು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ರದ್ದುಗೊಳಿಸಿತು. ಸಾಕಷ್ಟು ಅಂಕಿಅಂಶಗಳನ್ನು ಸಂಗ್ರಹಿಸಿಲ್ಲವೆಂಬುದು ಅದಕ್ಕೆ ಕಾರಣವಾಗಿತ್ತು. ಆಮೇಲೆ ರತ್ನಪ್ರಭಾ ಸಮಿತಿಯ ಮೂಲಕ ಇಲಾಖೆ ಇಲಾಖೆಗಳ ಮಾಹಿತಿಯನ್ನು ಕೂಡಿಸಿ ರಾಜ್ಯವು 2018ರಲ್ಲಿ ಹೊಸ ಕಾಯ್ದೆಯನ್ನು ತಂದಿತು. ಬಿ. ಕೆ. ಪವಿತ್ರ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದ ಎರಡನೆಯ ತೀರ್ಪಿನಲ್ಲಿ, 2019ರ ಮೇ 10ರಂದು, ಸರ್ವೋಚ್ಚ ನ್ಯಾಯಾಲಯವು ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಆಡಳಿತದ ದಕ್ಷತೆಯೆಂಬುದನ್ನು ಕೇವಲ ಪರೀಕ್ಷೆಯ ಅಂಕಗಳಿಂದ ಅಳೆಯಲಾಗದು, ಸಮಾಜದ ಎಲ್ಲ ಭಾಗಗಳೂ ಆಡಳಿತದಲ್ಲಿ ಪಾಲುಗೊಂಡಿವೆಯೇ ಎಂಬುದೂ ದಕ್ಷತೆಯ ಅಂಗವೇ ಎಂಬ ವಿಚಾರವನ್ನು ಅದು ಮುಂದಿಟ್ಟಿತು. ಇದರ ತಾತ್ಪರ್ಯವನ್ನು ತಿಳಿಯಲು ದೊಡ್ಡ ಪಾಂಡಿತ್ಯವು ಬೇಡ. ಕುಷ್ಟಗಿಯ ತಹಶೀಲ ಕಚೇರಿಗೆ ತಾಂಡಾದ ವೃದ್ಧೆಯೊಬ್ಬಳು ಪಿಂಚಣಿಯ ಕಾಗದವನ್ನು ಹಿಡಿದು ಬಂದಳೆನ್ನೋಣ. ಅವಳ ಮಾತನ್ನೂ ಬದುಕನ್ನೂ ಬಲ್ಲ ಗುಮಾಸ್ತನೊಬ್ಬನು ಅಲ್ಲಿದ್ದರೆ ಒಂದು ಗಳಿಗೆಯಲ್ಲಿ ಆಗುವ ಕೆಲಸವು, ಬಲ್ಲವರಾರೂ ಇಲ್ಲದಿದ್ದರೆ ಆರು ಸಲ ಅಲೆದರೂ ಆಗದು. ಆ ಬಲ್ಲತನವು ಯೋಗ್ಯತೆಯಲ್ಲವೇ? ಅದಕ್ಕೆ ಅಂಕವನ್ನಿಡುವ ಪ್ರಶ್ನೆಪತ್ರಿಕೆಯು ಮಾತ್ರ ಇನ್ನೂ ಅಚ್ಚಾಗಿಲ್ಲ.

ಹಿಂದಿನವರು ಮಾಡಿದ ತಪ್ಪಿಗೆ ಇಂದಿನ ಮಕ್ಕಳು ಏಕೆ ದಂಡ ತೆರಬೇಕೆಂಬುದು ಎರಡನೆಯ ಆಕ್ಷೇಪ. ಇದಕ್ಕೆ ಉತ್ತರವನ್ನು ಹುಡುಕುತ್ತ ಬಹಳ ದೂರ ಹೋಗಬೇಕಾಗಿಲ್ಲ. ಸ್ವಸಮಾಜದ ಚರಿತ್ರೆಯನ್ನೇ ತೆರೆದು ನೋಡಿದರೆ ಸಾಕು. ನೂರು ವರ್ಷಗಳ ಹಿಂದೆ ಮೈಸೂರು ಸಂಸ್ಥಾನದ ಸರಕಾರಿ ನೌಕರಿಗಳಲ್ಲಿ ಲಿಂಗಾಯತರೂ ಒಕ್ಕಲಿಗರೂ ಮುಸಲ್ಮಾನರೂ ದಲಿತರೂ ಬಾಗಿಲ ಹೊರಗೆ ನಿಂತವರಾಗಿದ್ದರು. 1917ರಲ್ಲಿ ಪ್ರಜಾಮಿತ್ರ ಮಂಡಲಿಯು ಹುಟ್ಟಿತು. ಹಿಂದುಳಿದ ಸಮುದಾಯಗಳ ಮುಖಂಡರು ನಾಲ್ವಡಿ ಕೃಷ್ಣರಾಜ ಒಡೆಯರವರಲ್ಲಿ ಮೊರೆಯಿಟ್ಟರು. ಮಹಾರಾಜರು 1918ರಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. 1919ರಲ್ಲಿ ಬಂದ ಅದರ ವರದಿಯು ಏಳು ವರ್ಷಗಳೊಳಗಾಗಿ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು, ಕೆಳದರ್ಜೆಯ ಹುದ್ದೆಗಳಲ್ಲಿ ಮೂರರಲ್ಲೆರಡು ಪಾಲು, ಅವಕಾಶವಂಚಿತ ಸಮುದಾಯಗಳಿಗೆ ದೊರೆಯಬೇಕೆಂದು ಹೇಳಿತು. ಆಗಲೂ ಯೋಗ್ಯತೆ ಕೆಡುವುದೆಂಬ ಕೂಗು ಎದ್ದಿತ್ತು. ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರಂಥ ಮಹಾ ಮೇಧಾವಿಗಳೂ ಈ ನೀತಿಯನ್ನು ಒಪ್ಪಲಿಲ್ಲ. ಆದರೂ ಮಹಾರಾಜರು ಹಿಂಜರಿಯಲಿಲ್ಲ. ಅಂದು ಆ ಬಾಗಿಲಿನಿಂದ ಒಳಗೆ ಹೋದವರ ಮಕ್ಕಳು ಮೊಮ್ಮಕ್ಕಳು ಇಂದು ಅಧಿಕಾರಿಗಳು, ಪ್ರಾಧ್ಯಾಪಕರು, ನ್ಯಾಯವಾದಿಗಳು ಆಗಿರುವರು. ಸಂಸ್ಥಾನವೇನೂ ಮುಳುಗಲಿಲ್ಲ.

ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕುಷ್ಟಗಿಯ ಕಥೆಯಂತೂ ಇನ್ನೂ ಕಠಿನವಾದುದು. 1948ರ ಸೆಪ್ಟೆಂಬರ್ 17ರವರೆಗೆ ಇಲ್ಲಿಯ ಕಚೇರಿ ಕೋರ್ಟುಗಳ ಭಾಷೆ ಉರ್ದುವಾಗಿತ್ತು. ತನ್ನ ನೆಲದಲ್ಲಿಯೇ ಕನ್ನಡಿಗನು ಅರ್ಜಿ ಬರೆಯಿಸಲು ಮತ್ತೊಬ್ಬನ ಕೈ ಕಾಯಬೇಕಾಗಿತ್ತು. 1956ರಲ್ಲಿ ಏಕೀಕರಣವಾಯಿತು, 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯೂ ಆಯಿತು. ಆದರೂ ಹಿಂದುಳಿದಿರುವಿಕೆ ತೊಲಗಲಿಲ್ಲ. 2002ರಲ್ಲಿ ಡಿ. ಎಂ. ನಂಜುಂಡಪ್ಪನವರ ಸಮಿತಿಯು ರಾಜ್ಯದ ತಾಲೂಕುಗಳನ್ನು ಅಳೆದು ನೋಡಿದಾಗ ಕುಷ್ಟಗಿಯೂ ಯಲಬುರ್ಗಾವೂ ಅತ್ಯಂತ ಹಿಂದುಳಿದ 39 ತಾಲೂಕುಗಳ ಪಟ್ಟಿಯಲ್ಲಿ ಬಂದವು. ದೀರ್ಘಕಾಲದ ಹೋರಾಟದ ಫಲವಾಗಿ ಸಂಸತ್ತು 2012ರಲ್ಲಿ ಸಂವಿಧಾನಕ್ಕೆ 371(ಜೆ) ವಿಧಿಯನ್ನು ಸೇರಿಸಿತು. ಅದರಂತೆ ಈ ಪ್ರದೇಶದ ಸ್ಥಳೀಯ ಹುದ್ದೆಗಳಲ್ಲಿ ಎ ಮತ್ತು ಬಿ ವರ್ಗದಲ್ಲಿ ನೂರಕ್ಕೆ 75, ಸಿ ವರ್ಗದಲ್ಲಿ 80, ಡಿ ವರ್ಗದಲ್ಲಿ 85 ಭಾಗ ಇಲ್ಲಿಯವರಿಗೇ ಮೀಸಲಾದವು. ರಾಜ್ಯಮಟ್ಟದ ಕಚೇರಿಗಳಲ್ಲಿಯೂ ನೂರಕ್ಕೆ 8 ಭಾಗ ದೊರೆಯಿತು. 2019ರಲ್ಲಿ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂಬ ಪವಿತ್ರ ನಾಮವೂ ಬಂದಿತು.

ಈ ಮೀಸಲಿನಿಂದ ಕುಷ್ಟಗಿ ಸೀಮೆಯ ಎಷ್ಟೋ ಭಕ್ತರ ಮಕ್ಕಳು ಶಿಕ್ಷಕರಾದರು, ಇಂಜಿನಿಯರರಾದರು, ವೈದ್ಯಕೀಯ ಕಾಲೇಜು ಸೇರಿದರು. ಆಗ ಆ ಮನೆಗಳಲ್ಲಿ ಯಾರಾದರೂ, ಮಗನು ಯೋಗ್ಯತೆಗೆ ದ್ರೋಹ ಮಾಡಿದನೆಂದು ದುಃಖಪಟ್ಟರೇ? ಹಳೆಯ ಮೈಸೂರಿನ ತರುಣನೊಬ್ಬನು ಯಾರ ತಪ್ಪಿಗೆ ತನಗೆ ಈ ದಂಡವೆಂದು ಕೇಳಿದರೆ ಅವನಿಗೆ ಇವರು ಏನು ಉತ್ತರ ಕೊಡುವರು? ನಿನ್ನ ತಪ್ಪೇನೂ ಇಲ್ಲ ಮಗುವೇ, ಆದರೆ ಇಲ್ಲಿಯ ಶಾಲೆಗಳು ತಡವಾಗಿ ಬಂದವು, ರಸ್ತೆಗಳು ತಡವಾಗಿ ಬಂದವು, ಒಂದೇ ಗೆರೆಯಿಂದ ಇಬ್ಬರನ್ನೂ ಓಡಿಸಿದರೆ ಅದು ಓಟವಾಗದು ಎಂದು ಸಮಾಧಾನ ಹೇಳುವರಷ್ಟೆ. ಅದೇ ಸಮಾಧಾನವನ್ನು ದಲಿತನು ಹೇಳಿದಾಗ, ಹೆಣ್ಣುಮಗಳು ಹೇಳಿದಾಗ, ಕಣ್ಣಿಲ್ಲದವನು ಹೇಳಿದಾಗ ಅದು ಕಿವಿಗೆ ಕಹಿಯಾಗುವುದೇಕೆ? ತನಗೆ ಬಂದುದು ಹಕ್ಕು, ಪರರಿಗೆ ಬಂದುದು ಭಿಕ್ಷೆ ಎಂಬ ಎಣಿಕೆ ಶಿವಾಚಾರಕ್ಕೆ ಒಪ್ಪತಕ್ಕದ್ದಲ್ಲ. ಸಮುದ್ರದಾಚೆ ನೆಲೆಸಿದವರಿಗೂ ಈ ಮಾತು ಸಲ್ಲುವುದು. ಹುಟ್ಟಿದ ದೇಶವನ್ನು ನೋಡಿ ವಲಸಿಗರನ್ನು ತಡೆಯುತ್ತಿದ್ದ ಪಾಲಿನ ಕ್ರಮವನ್ನು ಅಮೆರಿಕಾ 1965ರ ಕಾನೂನಿನಿಂದ ತೆಗೆದುಹಾಕಿದ ಮೇಲೆಯೇ ಭಾರತೀಯರು ಅಲ್ಲಿಗೆ ದೊಡ್ಡ ಸಂಖ್ಯೆಯಲ್ಲಿ ಹೋಗಲು ಸಾಧ್ಯವಾಯಿತು. ಅದರ ಹಿಂದಿನ ವರ್ಷ ಬಂದ ನಾಗರಿಕ ಹಕ್ಕುಗಳ ಕಾನೂನು ಅಲ್ಲಿಯ ಕರಿಯ ಜನರ ಹೋರಾಟದ ಫಲ. ಆ ನೆರಳಿನಲ್ಲಿ ಕುಳಿತವರು ಆ ಮರಕ್ಕೆ ಕೊಡಲಿ ಹಾಕುವುದು ಕೃತಜ್ಞತೆಯ ಲಕ್ಷಣವಲ್ಲ.

ಜಾತಿಯನ್ನು ಎಣಿಸುತ್ತ ಹೋದರೆ ಜಾತಿ ಅಳಿಯುವುದೆಂತು, ಶರಣರು ಜಾತಿಯನ್ನೇ ನಿರಾಕರಿಸಿದರಲ್ಲವೇ ಎಂಬುದು ಮೂರನೆಯ ಆಕ್ಷೇಪ. ಕೇಳಲು ಇದು ಸೊಗಸಾದ ಮಾತು. ಆದರೆ ರೋಗದ ಹೆಸರು ಹೇಳದೆ ಔಷಧ ಕೊಡುವ ವೈದ್ಯನುಂಟೇ? ಜಾತಿಯು ಇಲ್ಲವೆನ್ನುವವರು ಇದೇ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರಿನಲ್ಲಿ ನಡೆದುದನ್ನು ನೆನೆಯಲಿ. ದಲಿತ ಕುಟುಂಬವೊಂದರ ಪುಟ್ಟ ಕೂಸು ಆಡುತ್ತ ಗುಡಿಯೊಳಗೆ ಕಾಲಿಟ್ಟಿತು. ಅದಕ್ಕೆ ಗುಡಿಯ ಶುದ್ಧೀಕರಣವೆಂದು 25,000 ರೂಪಾಯಿಯ ದಂಡವನ್ನು ಆ ಬಡವರಿಂದ ಕೇಳಲಾಯಿತು. ಅಧಿಕಾರಿಗಳು ಬಂದು ತಿಳಿವಳಿಕೆ ಹೇಳಿದರು. ಪೊಲೀಸರು ಮೊಕದ್ದಮೆ ಹೂಡಿ ಕೆಲವರನ್ನು ಬಂಧಿಸಿದರು. ನಾಡೆಲ್ಲ ತಲೆ ತಗ್ಗಿಸಿತು. ಕೂಸು ಮುಟ್ಟಿದ್ದರಿಂದ ಮೈಲಿಗೆಯಾಗುವ ದೇವರನ್ನು ಶರಣರು ಎಲ್ಲಿಯೂ ಕಾಣಲಿಲ್ಲ. ಅಂಥ ಮನಸ್ಸು ಗುಡಿಯ ಹೊಸ್ತಿಲಲ್ಲಿಯೇ ನಿಲ್ಲುವುದಿಲ್ಲ. ಅದು ಹೋಟೆಲಿನ ಕಪ್ಪುಬಸಿಗಳ ಬಳಿಗೆ ಬರುವುದು, ಅಡತಿ ಅಂಗಡಿಯ ಗಾದಿಗೆ ಬರುವುದು, ಕಚೇರಿಯ ಕುಡಿಯುವ ನೀರಿನ ಗಡಿಗೆಗೆ ಬರುವುದು, ನೇಮಕದ ಪಟ್ಟಿಯ ಮೇಲೆ ಸದ್ದಿಲ್ಲದೆ ಗೀಟು ಹಾಕುವ ಲೇಖನಿಗೂ ಬರುವುದು. ಶಾಲೆಯ ಮಕ್ಕಳ ಬಿಸಿಯೂಟಕ್ಕೆ ಈ ರಾಜ್ಯವು ಅಕ್ಷರ ದಾಸೋಹವೆಂಬ ಶರಣರ ಹೆಸರನ್ನು ಇಟ್ಟಿರುವುದು. ಆ ಅಡುಗೆಯನ್ನು ದಲಿತ ಸ್ತ್ರೀಯು ಮಾಡಿದಳೆಂಬ ಕಾರಣಕ್ಕೆ ಮಕ್ಕಳನ್ನು ಊಟಕ್ಕೆ ಕೂರಿಸದ ಪ್ರಸಂಗಗಳು ರಾಜ್ಯದಲ್ಲಿ ಒಂದಲ್ಲ ಎರಡಲ್ಲ ವರದಿಯಾಗಿವೆ. ಮಾದಾರ ಚೆನ್ನಯ್ಯನವರ ಮನೆಯ ಅಂಬಲಿಯನ್ನು ಶಿವನೇ ಬಂದು ಸವಿದನೆಂದು ಪುರಾಣದಲ್ಲಿ ಕೇಳಿ ಕಣ್ಣೀರು ಸುರಿಸುವವರು, ಚೆನ್ನಯ್ಯನವರ ಕುಲದ ತಾಯಿ ಬಡಿಸಿದ ಅನ್ನದ ಮುಂದಿನಿಂದ ಮಗುವನ್ನು ಎಬ್ಬಿಸಿದರೆ ಆ ಕಣ್ಣೀರಿಗೆ ಬೆಲೆಯೇನು?

ಸರಕಾರದ ಮಾತು ಬಿಡಿ, ಸ್ವಂತ ಬಂಡವಾಳದಿಂದ ಅಂಗಡಿ ಕಾರಖಾನೆ ನಡೆಸುವವನು ತನಗೆ ಬೇಕಾದವರನ್ನು ಇಟ್ಟುಕೊಳ್ಳಬಾರದೇ ಎಂಬುದು ನಾಲ್ಕನೆಯ ಆಕ್ಷೇಪ. ಲೌಕಿಕರಿಗೆ ಇದು ದೊಡ್ಡ ತೊಡಕಾಗಿರಬಹುದು; ಲಿಂಗಧಾರಿಗಳಿಗೆ ಆಗಲಾರದು. ಇಷ್ಟಲಿಂಗವನ್ನು ಧರಿಸಿದವನು ಅರ್ಥ ಪ್ರಾಣ ಅಭಿಮಾನಗಳನ್ನು ಗುರು ಲಿಂಗ ಜಂಗಮಕ್ಕೆ ಸಲ್ಲಿಸಿದವನು. ಸಂಪತ್ತಿಗೆ ಅವನು ಪಾರುಪತ್ಯಗಾರನೇ ಹೊರತು ಒಡೆಯನಲ್ಲ. ಪಂಚಾಚಾರಗಳಲ್ಲಿ ಸದಾಚಾರವು ಗಳಿಕೆಯ ಶುದ್ಧಿಯನ್ನೂ, ಶಿವಾಚಾರವು ಶಿವಭಕ್ತರಲ್ಲಿ ಕುಲಭೇದವನ್ನೆಣಿಸದಿರುವುದನ್ನೂ, ಭೃತ್ಯಾಚಾರವು ವಿನಯವನ್ನೂ, ಗಣಾಚಾರವು ಅನ್ಯಾಯವನ್ನು ಕಂಡು ಸುಮ್ಮನಿರದ ಧೈರ್ಯವನ್ನೂ ವಿಧಿಸುವವು. ಸ್ವಂತ ಕುಲದ ಹುಡುಗನಿಗಾಗಿ ಯೋಗ್ಯನಾದ ಬೇರೆಯವನನ್ನು ಹೊರಗಿಟ್ಟ ವ್ಯಾಪಾರಿಯು ಈ ನಾಲ್ಕರಲ್ಲಿ ಯಾವುದನ್ನು ಪಾಲಿಸಿದಂತಾಯಿತು?

ಅಂಗವೈಕಲ್ಯದ ವಿಷಯದಲ್ಲಿ ವೀರಶೈವ ಮಠಗಳೇ ದೇಶಕ್ಕೆ ಮಾದರಿಯಾಗಿ ನಿಂತುದನ್ನು ಮರೆಯಲಾಗದು. ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಹುಟ್ಟುಗುರುಡನಾದ ಬಾಲಕನೊಬ್ಬನನ್ನು ಕರುಣೆಯ ಅನ್ನಕ್ಕಷ್ಟೇ ಬಿಡದೆ ಸಂಗೀತದ ಕಠಿನ ಶಿಕ್ಷಣಕ್ಕೆ ಹಚ್ಚಿದರು. ಆ ಬಾಲಕನೇ ಗಾನಯೋಗಿ ಪಂಚಾಕ್ಷರ ಗವಾಯಿಗಳಾದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ದೃಷ್ಟಿಹೀನರೇ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಜಾತಿಮತಗಳ ಭೇದವಿಲ್ಲದೆ ಸಾವಿರಾರು ಅಂಧರೂ ಅನಾಥರೂ ಸಂಗೀತವನ್ನು ಕಲಿತು ತಮ್ಮ ಅನ್ನವನ್ನು ತಾವೇ ಸಂಪಾದಿಸುವಂತಾದರು. 2010ರಲ್ಲಿ ರಾಷ್ಟ್ರವು ಪುಟ್ಟರಾಜರಿಗೆ ಪದ್ಮಭೂಷಣವನ್ನಿತ್ತು ತನ್ನನ್ನು ಗೌರವಿಸಿಕೊಂಡಿತು. ಭಿಕ್ಷಾಪಾತ್ರೆಯ ಬದಲು ತಂಬೂರಿಯನ್ನು ಕೈಗಿತ್ತ ಆ ದೃಷ್ಟಿಯೇ ಸಮಪಾಲಿನ ದೃಷ್ಟಿ. ಅಂಗವಿಕಲರಿಗೆ ಸರಕಾರಿ ಹುದ್ದೆಗಳಲ್ಲಿ ನೂರಕ್ಕೆ 4 ಭಾಗವನ್ನು ಮೀಸಲಿಟ್ಟ 2016ರ ಕಾಯ್ದೆಯು ಗದುಗಿನ ಆಶ್ರಮವು ಎಂದೋ ಹಿಡಿದ ದಾರಿಯನ್ನೇ ಹಿಡಿದಿರುವುದು.

ಸ್ತ್ರೀಯರ ವಿಷಯದಲ್ಲಿ ಹೇಳತಕ್ಕದ್ದು ಇನ್ನೂ ಉಳಿದಿರುವುದು. ಒಂದೇ ಕೆಲಸಕ್ಕೆ ಸ್ತ್ರೀಪುರುಷರಿಗೆ ಒಂದೇ ಕೂಲಿಯೆಂದು ದೇಶದ ಕಾನೂನು 1976ರಿಂದಲೂ ಹೇಳುತ್ತಿರುವುದು. ಆದರೂ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣಿಗೆ ಗಂಡಾಳಿಗಿಂತ ಕಡಿಮೆ ಕೂಲಿಯನ್ನು ಎಣಿಸಿಕೊಡುವ ಕೈಗಳು ಲಿಂಗಪೂಜೆಯನ್ನೂ ಮಾಡುವ ಕೈಗಳೇ. 2005ರ ಉದ್ಯೋಗ ಖಾತರಿ ಕಾಯ್ದೆಯಡಿ ಕೆರೆಯ ಹೂಳೆತ್ತಿದ ಹೆಂಗಸರಿಗೆ ಗಂಡಸರಷ್ಟೇ ಕೂಲಿ ದೊರೆತಾಗ, ಅಳತೆ ತಪ್ಪಿದುದು ಹೆಣ್ಣಿನ ತೋಳಿನಲ್ಲಲ್ಲ, ಕೊಡುವವರ ತಕ್ಕಡಿಯಲ್ಲಿ ಎಂಬುದು ಊರೂರಿಗೂ ಕಂಡಿತು. ಹತ್ತು ಮಂದಿ ಅಥವಾ ಹೆಚ್ಚು ಜನ ದುಡಿಯುವ ಪ್ರತಿಯೊಂದು ಸಂಸ್ಥೆಯಲ್ಲಿಯೂ ಸ್ತ್ರೀಯರ ದೂರನ್ನು ಕೇಳುವ ಸಮಿತಿಯಿರಬೇಕೆಂದು 2013ರ ಕಾಯ್ದೆಯು ವಿಧಿಸಿರುವುದು. ಹಾಗೆಯೇ 2021ರಲ್ಲಿ ಕರ್ನಾಟಕವು ಲಿಂಗತ್ವ ಅಲ್ಪಸಂಖ್ಯಾತರಿಗೆ ಸರಕಾರಿ ನೇಮಕದಲ್ಲಿ ನೂರಕ್ಕೆ 1 ಭಾಗವನ್ನು ಮೀಸಲಿಟ್ಟಿತು. ಹುಲಿಗಿಯ ಜಾತ್ರೆಯಲ್ಲಿ ಜೋಗಪ್ಪಗಳಿಗೆ ಕೈಮುಗಿದು ಭಂಡಾರ ಹಚ್ಚಿಸಿಕೊಳ್ಳುವ ಜನರು ಅಂಥವರೊಬ್ಬರಿಗೆ ಕಚೇರಿಯಲ್ಲಿ ಕುರ್ಚಿ ಕೊಡುವಾಗ ನಗುವುದು ಯಾವ ಭಕ್ತಿಯ ಲಕ್ಷಣವೋ ತಿಳಿಯದು.

ಇಷ್ಟನ್ನು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳುವುದು ಅವಶ್ಯಕ. ಈ ಹೆಸರಿನಲ್ಲಿ ಡಂಭಾಚಾರವೂ ನಡೆಯುವುದುಂಟು. ಗೋಡೆಯ ಮೇಲೆ ಫಲಕವನ್ನು ತೂಗುಹಾಕಿ, ವರ್ಷಕ್ಕೊಮ್ಮೆ ಉಪನ್ಯಾಸವನ್ನು ಏರ್ಪಡಿಸಿ, ಒಳಗಿನ ವ್ಯವಹಾರವನ್ನು ಇದ್ದಂತೆಯೇ ಬಿಡುವ ಸಂಸ್ಥೆಗಳಿವೆ. ಅದು ವಿಭೂತಿಯನ್ನು ಧರಿಸಿ ಸುಳ್ಳು ತೂಕ ಮಾಡಿದಂತೆ. ಆದರೆ ಸುಳ್ಳು ತೂಕದವನು ವಿಭೂತಿ ಧರಿಸಿದನೆಂದು ವಿಭೂತಿಯನ್ನು ಬಿಟ್ಟವರುಂಟೇ? ಮತ್ತೊಂದು ಮಾತು. ನೆರವನ್ನು ಪಡೆದು ಮೇಲೆ ಬಂದವರು ತಮ್ಮವರಲ್ಲಿಯೇ ಇನ್ನೂ ಕೆಳಗೆ ಉಳಿದವರಿಗೆ ದಾರಿ ಬಿಡಬೇಕು. ಲಕ್ಕಮ್ಮನ ಪ್ರಶ್ನೆಯು ಉಳ್ಳವರ ಮನೆಗೆ ಮಾತ್ರ ಹೋಗಿ ನಿಲ್ಲುವುದಿಲ್ಲ. ಮೊರದಲ್ಲಿ ಅಕ್ಕಿ ಮಿಕ್ಕ ದಿನ ಅದು ಯಾವ ಕೇರಿಯ ಮನೆಯ ಬಾಗಿಲನ್ನಾದರೂ ತಟ್ಟುವುದು.

ಆದುದರಿಂದ ಸದ್ಭಕ್ತರಾದ ಗೃಹಸ್ಥರು ದೂರದೇಶದ ವಾದವಿವಾದಗಳಿಗೆ ಕಿವಿಗೊಟ್ಟು ಮನಸ್ಸನ್ನು ಕಲಕಿಕೊಳ್ಳದೆ, ತಮ್ಮ ಕೈಯಳತೆಯಲ್ಲಿರುವುದನ್ನು ಮೊದಲು ನೋಡಿಕೊಳ್ಳತಕ್ಕದ್ದು. ಹೋಟೆಲು ನಡೆಸುವವರು ಎಲ್ಲರಿಗೂ ಒಂದೇ ಕಪ್ಪಿನಲ್ಲಿ ಚಹಾ ಕೊಡಲಿ. ಒಕ್ಕಲುತನದವರು ಹೆಣ್ಣಾಳು ಗಂಡಾಳುಗಳ ಕೂಲಿಯನ್ನು ಸಮಮಾಡಲಿ. ಅಡತಿ ಅಂಗಡಿಯವರು ಲೆಕ್ಕ ಬರೆಯುವ ಕೆಲಸಕ್ಕೆ ಹಮಾಲನ ಮಗನು ಓದಿ ಬಂದರೆ ಗಾದಿಯ ಮೇಲೆ ಕರೆದು ಕೂರಿಸಲಿ. ಶಾಲೆ ಕಾಲೇಜು ನಡೆಸುವ ಸಂಘಗಳು ಮೆಟ್ಟಿಲ ಪಕ್ಕದಲ್ಲಿ ಗಾಲಿಕುರ್ಚಿಗೊಂದು ಇಳಿಜಾರನ್ನೂ, ಶಿಕ್ಷಕಿಯರಿಗೊಂದು ಶೌಚಾಲಯವನ್ನೂ ಕಟ್ಟಿಸಲಿ. ಕಚೇರಿಯಲ್ಲಿ ಹೊಸದಾಗಿ ಬಂದವನ ಹೆಸರನ್ನು ಕೇಳಿ ತಿಳಿಯಲಿ, ಕುಲವನ್ನು ಕೇಳದಿರಲಿ. ಅವನೇ ಹೇಳಿದರೆ ಮುಖವನ್ನು ಬೇರೆ ಮಾಡದಿರಲಿ. ಇವೆಲ್ಲ ಕಾನೂನಿನ ಭಯದಿಂದ ಆದರೂ ಒಳ್ಳೆಯದೇ. ಭಕ್ತಿಯಿಂದ ಆದರೆ ಅದು ಶಿವಾಚಾರವೇ ಆಗುವುದು.

ಹರಳಯ್ಯ ಮಧುವರಸರು ತಮ್ಮ ಮಕ್ಕಳ ವಿವಾಹಸಂಬಂಧಕ್ಕಾಗಿ ಪ್ರಾಣವನ್ನೇ ತೆತ್ತರು. ಈ ಕಾಲದ ಭಕ್ತನಿಂದ ಪ್ರಾಣವನ್ನು ಯಾರೂ ಕೇಳುತ್ತಿಲ್ಲ. ಪಂಕ್ತಿಯಲ್ಲಿ ಒಂದಿಷ್ಟು ಸರಿದು ಕುಳಿತು ಪಕ್ಕದವನಿಗೆ ಎಡೆಮಾಡಿಕೊಡುವುದನ್ನಷ್ಟೇ ಕೇಳುತ್ತಿರುವುದು. ಕಲ್ಯಾಣದ ಹೆಸರನ್ನು ಹೊತ್ತ ಈ ನಾಡಿನ ಭಕ್ತರಿಗೆ ಅಷ್ಟು ಸರಿಯುವ ಬುದ್ಧಿಯನ್ನು ಪರಶಿವನು ಕರುಣಿಸಲಿ. ಪ್ರತಿಯೊಂದು ಕಾಯಕಸ್ಥಾನವೂ ಮಹಾಮನೆಯಾಗಲಿ.

ಸರ್ವರಿಗೂ ಶುಭವಾಗಲಿ.